ನಿಷ್ಪ್ರತೀಕಾರವೆಂದು ನಿರ್ಣಯಿಸುವ ಮುನ್ನ

ಅಷ್ಟಮಿ-ಚತುರ್ದಶಿಗಳ ಪ್ರೋಷಧೋಪವಾಸವನ್ನು ತಪ್ಪದೆ ಆಚರಿಸುತ್ತ ಬಂದ ವೃದ್ಧ ಶ್ರಾವಕನಲ್ಲಿ ಬಳಲಿಕೆ, ಏದುಸಿರು, ಮೇಲಿಂದ ಮೇಲೆ ಜ್ವರ, ಪೆಟ್ಟಿಲ್ಲದೆ ನೀಲಿಗಟ್ಟುವ ಕಲೆಗಳು ಕಾಣಿಸಿಕೊಂಡರೆ, ಮನೆಯವರು ಅದನ್ನು ತಪಸ್ಸಿನ ಶ್ರಮವೆಂದು ಸುಮ್ಮನಿರುವುದುಂಟು. ಸಲ್ಲೇಖನದ ಕಾಲ ಸಮೀಪಿಸಿತೆಂದು ಭಾವಿಸುವವರೂ ಉಂಟು. ಈ ಭಾವನೆ ಧರ್ಮಸಮ್ಮತವೆ?

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಲ್ಲೇಖನಕ್ಕೆ ಹೇಳಿದ ಸಂದರ್ಭಗಳು ನಾಲ್ಕು: ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ. ಇವು ಪ್ರತೀಕಾರವಿಲ್ಲದವಾಗಿರಬೇಕೆಂಬುದೇ ಅಲ್ಲಿನ ನಿಬಂಧನೆ. ರೋಗಕ್ಕೆ ಪ್ರತೀಕಾರವುಂಟೋ ಇಲ್ಲವೋ ಎಂಬುದು ಊಹೆಯಿಂದ ತಿಳಿಯುವುದಲ್ಲ. ಹಟ್ಟಿಯ ಗಣಿಯಲ್ಲಿ ಒಂದು ಟನ್ ಅದಿರಿಗೆ ದೊರೆಯುವುದು ಕೆಲವೇ ಗ್ರಾಂ ಚಿನ್ನ. ಅಲ್ಲಿ ಕಲ್ಲಿನ ಹೊಳಪು ನೋಡಿ ಯಾರೂ ಬೆಲೆ ಕಟ್ಟರು. ಪುಡಿಮಾಡಿ, ಪರೀಕ್ಷಿಸಿ, ಲೆಕ್ಕ ಬರೆದಿಡುವರು. ದುರ್ಲಭವಾದ ಮನುಷ್ಯದೇಹದ ವಿಷಯದಲ್ಲಿ ಅದಕ್ಕಿಂತ ಕಡಿಮೆ ಎಚ್ಚರ ಸಲ್ಲದು.

ಕೆಂಪು ಕಣಗಳು ಪ್ರಾಣವಾಯುವನ್ನು ಒಯ್ಯುತ್ತವೆ. ಬಿಳಿಯ ಕಣಗಳು ಸೋಂಕನ್ನು ತಡೆಯುತ್ತವೆ. ಪ್ಲೇಟ್‌ಲೆಟ್‌ಗಳು ರಕ್ತಸ್ರಾವವನ್ನು ನಿಲ್ಲಿಸುತ್ತವೆ. ಈ ಮೂರೂ ಒಟ್ಟಿಗೆ ತಗ್ಗಿದ ಸ್ಥಿತಿಯನ್ನು ವೈದ್ಯರು ಪ್ಯಾನ್‌ಸೈಟೋಪೀನಿಯಾ ಎನ್ನುತ್ತಾರೆ. ಸಾಮಾನ್ಯವಾಗಿ ಹಿಮೋಗ್ಲೋಬಿನ್ ಪುರುಷರಲ್ಲಿ 13, ಸ್ತ್ರೀಯರಲ್ಲಿ 12 ಗ್ರಾಂಗಿಂತ ಕೆಳಗೆ, ಬಿಳಿಯ ಕಣಗಳು 4,000ಕ್ಕಿಂತ ಕೆಳಗೆ, ಪ್ಲೇಟ್‌ಲೆಟ್‌ಗಳು 1,50,000ಕ್ಕಿಂತ ಕೆಳಗೆ ಇಳಿದರೆ ಕಡಿಮೆಯೆಂದು ಎಣಿಕೆ. ಆದರೆ ಇದು ರೋಗದ ಹೆಸರಲ್ಲ, ಒಂದು ಲಕ್ಷಣ ಮಾತ್ರ. ಕಾರಣವನ್ನು ಇನ್ನೂ ಅರಸಬೇಕು. ಚೀಟಿಯಲ್ಲಿ ಬರಿದೆ ‘ರಕ್ತಹೀನತೆ’ ಎಂದು ಬರೆದರೆ ಉಳಿದೆರಡು ಮರೆಯಾಗುತ್ತವೆ. ಮೂರೂ ಸಂಖ್ಯೆಗಳು, ದಿನಾಂಕ, ಕಂಡುಬಂದ ಕಾರಣ ಇವಿಷ್ಟೂ ದಾಖಲೆಯಲ್ಲಿರಬೇಕು.

ಕಾರಣಗಳಲ್ಲಿ ಅಸ್ಥಿಮಜ್ಜೆಯ ಕ್ಷಯ, ರಕ್ತದ ಕ್ಯಾನ್ಸರ್‌ಗಳಂಥ ಕಠಿಣವಾದವೂ ಇವೆ. ಆದರೆ ನಮ್ಮ ದೇಶದಲ್ಲಿ ಪದೇ ಪದೇ ಕಾಣುವ ಕಾರಣ ಬಿ-12 ಜೀವಸತ್ತ್ವದ ಕೊರತೆ. ಶಾಕಾಹಾರಿಗಳಿಗೆ ಇದು ಹೆಚ್ಚಾಗಿ ಹಾಲು-ಮೊಸರಿನಿಂದಲೇ ಒದಗುವುದರಿಂದ, ಬಹುಕಾಲ ಕ್ಷೀರ-ದಧಿಗಳನ್ನು ತ್ಯಜಿಸಿದ ರಸಪರಿತ್ಯಾಗಿಗಳು ವಿಶೇಷ ಜಾಗರೂಕರಾಗಿರಬೇಕು. ಇದಕ್ಕೆ ಪ್ರತೀಕಾರ ಸುಲಭ. ಈ ಔಷಧವನ್ನು ಮಾಂಸದಿಂದಲ್ಲ, ಸೂಕ್ಷ್ಮಜೀವಿಗಳ ಹುದುಗುವಿಕೆಯಿಂದ ತಯಾರಿಸುತ್ತಾರೆ. ಜಿಲೆಟಿನ್ ಕೋಶದ ಶಂಕೆಯಿದ್ದವರಿಗೆ ಚುಚ್ಚುಮದ್ದಿದೆ. ಕಾರಣ ತಿಳಿಯದೆ ಫೋಲಿಕ್ ಆಮ್ಲವನ್ನಷ್ಟೇ ನುಂಗಿದರೆ ರಕ್ತ ಸುಧಾರಿಸಿದಂತೆ ತೋರಿ, ಒಳಗೆ ನರಗಳ ಹಾನಿ ಮುಂದುವರಿಯಬಹುದು.

ನೀರಿನಿಂದಲೂ ಕೇಡು ಬರಬಹುದು. ನೆರೆಯ ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದ ಕುಡಿಯುವ ನೀರಿನಲ್ಲಿ ಆರ್ಸೆನಿಕ್ ವಿಷವಿದ್ದುದನ್ನು 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಬಹುಕಾಲ ದೇಹ ಸೇರಿದರೆ ಈ ವಿಷವೂ ರಕ್ತಕಣಗಳನ್ನು ತಗ್ಗಿಸಬಲ್ಲದು. ಸೋಸುವ ಬಟ್ಟೆ ಜೀವಗಳನ್ನು ಉಳಿಸುತ್ತದೆ, ಕುದಿಸಿದ ನೀರು ಪ್ರಾಸುಕವಾಗುತ್ತದೆ. ಆರ್ಸೆನಿಕ್ ಮಾತ್ರ ಎರಡರಿಂದಲೂ ಹೋಗದು.

ಆದುದರಿಂದ ವ್ರತಿಯು ತನ್ನ ಉಪವಾಸಗಳನ್ನೂ ತ್ಯಜಿಸಿದ ರಸಗಳನ್ನೂ ವೈದ್ಯನಿಗೆ ಮರೆಮಾಚದೆ ಹೇಳಬೇಕು. ವೈದ್ಯನ ವರದಿಯನ್ನು ವ್ರತ ಕೊಡುವ ಗುರುಗಳ ಮುಂದೆ ಮರೆಮಾಚದೆ ಇಡಬೇಕು. ಎರಡೂ ಸತ್ಯಾಣುವ್ರತದ ಅಂಗಗಳೇ. ಷೋಡಶಕಾರಣ ಭಾವನೆಗಳಲ್ಲಿ ತಪಸ್ಸಿಗೆ ‘ಶಕ್ತಿಗೆ ತಕ್ಕಂತೆ’ ಎಂಬ ವಿಶೇಷಣವಿದೆ. ಶಕ್ತಿಯನ್ನು ಅಳೆಯದೆ ಅದಕ್ಕೆ ತಕ್ಕುದನ್ನು ಆರಿಸುವುದೆಂತು? ಪ್ರತೀಕಾರವಿರುವ ರೋಗಕ್ಕೆ ಚಿಕಿತ್ಸೆ ಪಡೆದು ವ್ರತಕ್ಕೆ ಮರಳುವುದು ಹಿನ್ನಡೆಯಲ್ಲ. ಪ್ರತೀಕಾರವಿಲ್ಲವೆಂದು ಪರೀಕ್ಷೆಯಿಂದ ನಿಶ್ಚಯವಾದರೆ, ಆಗ ಗುರುಸಾಕ್ಷಿಯಾಗಿ ಕೈಗೊಳ್ಳುವ ನಿರ್ಧಾರದಲ್ಲಿ ಭ್ರಾಂತಿಯ ಲೇಶವೂ ಇರದು.