ಹೆಸರಿಲ್ಲದ ಹೌದು

(ಮಾತುಕತೆಯಲ್ಲಿ ಮೂವರಿದ್ದಾರೆ: ರಾಜ್ಯಶಾಸ್ತ್ರ ಕಲಿಸಿ ನಿವೃತ್ತರಾದ ಮೇಷ್ಟ್ರು, ಅವರ ಹಳೆಯ ವಿದ್ಯಾರ್ಥಿನಿ ಮತ್ತು ಈಗ ವಕೀಲೆಯಾಗಿರುವ ಶಾರದಾ, ಶಾರದಾಳ ಚಿಕ್ಕಪ್ಪ ತಿಮ್ಮಪ್ಪ. ತಿಮ್ಮಪ್ಪ ಮಲೆನಾಡಿನ ಅಡಿಕೆ ಬೆಳೆಗಾರ, ಊರಿನ ಸಹಕಾರಿ ಸಂಘದ ನಿರ್ದೇಶಕರಲ್ಲೊಬ್ಬರು.)

ಶಾರದಾ: ಮೇಷ್ಟ್ರೇ, ನಮ್ಮ ಸಂಸದರು ಐದು ವರ್ಷ ದಿಲ್ಲಿಯಲ್ಲಿ ಏನು ಮಾಡಿದರು ಅಂತ ಒಂದು ಪಟ್ಟಿ ಮಾಡಿಕೊಂಡು ಬಂದಿದ್ದೇನೆ. ಎಷ್ಟು ದಿನ ಹಾಜರಿದ್ದರು, ಎಷ್ಟು ಪ್ರಶ್ನೆ ಕೇಳಿದರು, ಎಷ್ಟು ಚರ್ಚೆಗಳಲ್ಲಿ ಮಾತಾಡಿದರು, ಇದೆಲ್ಲ ಸಿಕ್ಕಿತು. ಪಿಆರ್‌ಎಸ್ ಸಂಸ್ಥೆಯವರು ಲೋಕಸಭೆಯ ದಾಖಲೆಯಿಂದಲೇ ಒಟ್ಟುಮಾಡಿ ಇಟ್ಟಿದ್ದಾರೆ. ಆದರೆ ನನಗೆ ಮುಖ್ಯವಾಗಿ ಬೇಕಿದ್ದದ್ದು ಬೇರೆ. ಯಾವ ಮಸೂದೆಗೆ ಹೌದು ಅಂದರು, ಯಾವುದಕ್ಕೆ ಬೇಡ ಅಂದರು? ಆ ಕಾಲಂ ಹೆಚ್ಚುಕಡಿಮೆ ಖಾಲಿ ಉಳಿದಿದೆ.

ಮೇಷ್ಟ್ರು: ನೀನು ಹುಡುಕಿದ್ದರಲ್ಲಿ ಕೊರತೆಯೇನೂ ಇಲ್ಲಮ್ಮ. ಅಂಥ ದಾಖಲೆಯೇ ಇಲ್ಲ. ನಮ್ಮಲ್ಲಿ ಬಹುಪಾಲು ಮಸೂದೆಗಳು ಧ್ವನಿಮತದಲ್ಲಿ ಪಾಸಾಗುತ್ತವೆ. ಸ್ಪೀಕರ್ ಪ್ರಸ್ತಾವ ಮುಂದಿಡುತ್ತಾರೆ. ಪರ ಇರುವವರು ಒಟ್ಟಾಗಿ ಹೌದು ಅನ್ನುತ್ತಾರೆ, ವಿರೋಧ ಇರುವವರು ಇಲ್ಲ ಅನ್ನುತ್ತಾರೆ. ಯಾವ ದನಿ ಜೋರಾಗಿತ್ತೆಂದು ಸ್ಪೀಕರ್‌ಗೆ ಅನ್ನಿಸಿತೋ ಅದೇ ತೀರ್ಮಾನ. ಯಾರು ಏನಂದರು ಅಂತ ಬರೆದಿಡುವ ಪದ್ಧತಿ ಇಲ್ಲ.

ಶಾರದಾ: ಮತವಿಭಜನೆ ಅಂತ ಒಂದು ಇದೆಯಲ್ಲ?

ಮೇಷ್ಟ್ರು: ಇದೆ. ಸಂವಿಧಾನ ತಿದ್ದುಪಡಿಗೆ ಅದು ಕಡ್ಡಾಯ. ಹಾಗಾಗಿಯೇ 2023ರ ಸೆಪ್ಟೆಂಬರ್‌ನಲ್ಲಿ ಮಹಿಳಾ ಮೀಸಲಾತಿ ಮಸೂದೆಗೆ ಲೋಕಸಭೆಯಲ್ಲಿ 454 ಮತ ಪರ, 2 ಮತ ವಿರುದ್ಧ ಬಿದ್ದವು ಅಂತ ಇಷ್ಟು ಖಚಿತವಾಗಿ ಹೇಳಲು ಆಗುತ್ತದೆ. ಉಳಿದ ಮಸೂದೆಗಳಿಗೆ ಯಾರಾದರೂ ಸದಸ್ಯರು ಎದ್ದು ಕೇಳಬೇಕು. ಲೋಕಸಭೆಯ 367ನೇ ನಿಯಮ ಓದಿ ನೋಡು. ಧ್ವನಿಮತದ ತೀರ್ಮಾನಕ್ಕೆ ಆಕ್ಷೇಪ ಬಂದರೆ ಲಾಬಿ ಖಾಲಿ ಮಾಡಿಸಬೇಕು, ಮೂರೂವರೆ ನಿಮಿಷ ಕಾಯಬೇಕು, ಇನ್ನೊಮ್ಮೆ ಕೇಳಬೇಕು. ಆಗಲೂ ಆಕ್ಷೇಪ ನಿಂತರೆ ಮತವಿಭಜನೆ. ಆದರೆ ಅದೇ ನಿಯಮಕ್ಕೆ ಒಂದು ಬಾಲ ಇದೆ. ಈ ಬೇಡಿಕೆ ಅನಗತ್ಯ ಅಂತ ಸ್ಪೀಕರ್‌ಗೆ ಕಂಡರೆ ಸದಸ್ಯರನ್ನು ಕೂತಲ್ಲೇ ಎದ್ದು ನಿಲ್ಲಿಸಿ ತಲೆ ಎಣಿಸಿ ಮುಗಿಸಬಹುದು. ಹಾಗೆ ಎಣಿಸಿದಾಗ ಮತ ಹಾಕಿದವರ ಹೆಸರು ದಾಖಲಿಸಬಾರದು ಅಂತ ಸ್ಪಷ್ಟವಾಗಿ ಬರೆದಿದ್ದಾರೆ.

ತಿಮ್ಮಪ್ಪ: ಮೇಷ್ಟ್ರೇ, ನನ್ನದೊಂದು ಮಾತು ಕೇಳಿ. ನಮಗೆ ಸಂಸದರು ಅಂದರೆ ಕೆಲಸ ಮಾಡಿಸಿಕೊಡೋರು. ನಮ್ಮ ಕ್ರಾಸಿನ ಬಸ್ ತಂಗುದಾಣ ಅವರ ಕಾಲದಲ್ಲೇ ಆಗಿದ್ದು, ಮೇಲೆ ದೊಡ್ಡ ಅಕ್ಷರದಲ್ಲಿ ಹೆಸರೂ ಇದೆ. ಆಸ್ಪತ್ರೆಗೆ ಒಂದು ಪತ್ರ ಬೇಕು ಅಂದರೆ ಕೊಡ್ತಾರೆ, ಮದುವೆಗೆ ಕರೆದರೆ ಬರ್ತಾರೆ. ದಿಲ್ಲಿಯಲ್ಲಿ ಹೌದು ಅಂದರೋ ಇಲ್ಲ ಅಂದರೋ, ಅದನ್ನು ಕಟ್ಟಿಕೊಂಡು ನಮಗೇನು?

ಮೇಷ್ಟ್ರು: ತಿಮ್ಮಪ್ಪನವರೇ, ಆ ತಂಗುದಾಣದ ದುಡ್ಡು ಸಂಸದರ ಪ್ರದೇಶಾಭಿವೃದ್ಧಿ ನಿಧಿಯದ್ದು. 1993ರಲ್ಲಿ ಶುರುವಾದ ಯೋಜನೆ ಅದು, ಈಗ ವರ್ಷಕ್ಕೆ 5 ಕೋಟಿ. ಸಂಸದರು ಕೆಲಸ ಸೂಚಿಸುತ್ತಾರೆ, ಜಿಲ್ಲಾಡಳಿತ ಮಾಡಿಸುತ್ತದೆ. ಅದೇ ತಂಗುದಾಣವನ್ನು ಪಂಚಾಯಿತಿಯೂ ಕಟ್ಟಿಸಬಹುದಿತ್ತು, ಶಾಸಕರೂ ಕಟ್ಟಿಸಬಹುದಿತ್ತು. ಇಡೀ ದೇಶಕ್ಕೆ ಅನ್ವಯಿಸುವ ಕಾನೂನನ್ನು ಮಾತ್ರ ಲೋಕಸಭೆಯ 543 ಜನ ಮತ್ತು ರಾಜ್ಯಸಭೆಯವರು ಬಿಟ್ಟರೆ ಇನ್ಯಾರೂ ಮಾಡಲಾರರು. ಯಾರು ಬೇಕಾದರೂ ಮಾಡಬಹುದಾದ ಕೆಲಸದ ಮೇಲೆ ಅವರ ಹೆಸರಿದೆ. ಅವರೇ ಮಾಡಬೇಕಾದ ಕೆಲಸದ ಮೇಲೆ ಇಲ್ಲ. ನನಗೆ ಸಂಕಟವಾಗುವುದು ಇಲ್ಲೇ.

ಶಾರದಾ: ಚಿಕ್ಕಪ್ಪ, 2020ರ ಕೃಷಿ ಕಾಯ್ದೆಗಳು ಬಂದಾಗ ಎಪಿಎಂಸಿ ಗತಿ ಏನು ಅಂತ ಸಂಘದ ಸಭೆಯಲ್ಲಿ ಎಲ್ಲರಿಗಿಂತ ಮೊದಲು ಎದ್ದು ಕೇಳಿದ್ದು ನೀವೇ. ಆ ಮಸೂದೆಗಳು ಲೋಕಸಭೆಯಲ್ಲಿ ಪಾಸಾಗಿದ್ದು ಧ್ವನಿಮತದಲ್ಲಿ. ಸೆಪ್ಟೆಂಬರ್ 20ರಂದು ರಾಜ್ಯಸಭೆಯಲ್ಲಿ ವಿರೋಧ ಪಕ್ಷದವರು ಮತವಿಭಜನೆ ಬೇಕು ಅಂತ ಪಟ್ಟು ಹಿಡಿದರು. ಅಲ್ಲೂ ಗದ್ದಲದ ನಡುವೆ ಧ್ವನಿಮತವೇ ಆಯಿತು. ಆಮೇಲೆ ರೈತರು ದಿಲ್ಲಿಯ ಗಡಿಯಲ್ಲಿ ವರ್ಷಕ್ಕೂ ಮೇಲ್ಪಟ್ಟು ಕೂತರು. 2021ರ ನವೆಂಬರ್ 29ರಂದು ಅವೇ ಕಾಯ್ದೆಗಳನ್ನು ರದ್ದು ಮಾಡುವ ಮಸೂದೆ ಬಂತು. ಒಂದೇ ದಿನ ಎರಡೂ ಸದನ ದಾಟಿತು, ಲೋಕಸಭೆಯಲ್ಲಂತೂ ಚರ್ಚೆಯೇ ಇಲ್ಲದೆ. ಅದೂ ಧ್ವನಿಮತದಲ್ಲೇ.

ತಿಮ್ಮಪ್ಪ: ಹಾಗಾದರೆ ನಮ್ಮವರು ತರುವಾಗಲೂ ಹೌದು ಅಂದರು, ತೆಗೆಯುವಾಗಲೂ ಹೌದು ಅಂದರು.

ಶಾರದಾ: ಅಷ್ಟನ್ನೂ ನಾನು ಖಡಾಖಂಡಿತವಾಗಿ ಹೇಳಲಾರೆ. ಅಂದಿರಬಹುದು. ಬಾಯಿ ಬಿಡದೆ ಕೂತಿರಬಹುದು. ಆ ಹೊತ್ತಿಗೆ ಎದ್ದು ಹೊರಗೆ ಹೋಗಿರಲೂಬಹುದು. ಮೂರೂ ದಾಖಲೆಯಲ್ಲಿ ಒಂದೇ ಥರ ಕಾಣುತ್ತವೆ.

ತಿಮ್ಮಪ್ಪ: ಇದು ಸರಿಯಲ್ಲ ಮಾರಾಯ್ತಿ. ನಮ್ಮ ಸಂಘದ ನಡಾವಳಿ ಪುಸ್ತಕದಲ್ಲಿ ಒಬ್ಬ ನಿರ್ದೇಶಕ ನನ್ನ ವಿರೋಧ ಇದೆ ಅಂದರೆ ಅವನ ಹೆಸರು ಹಾಕಿ ಬರೀತೀವಿ. ಗೊಬ್ಬರ ಎಲ್ಲಿಂದ ತರಿಸೋದು ಅನ್ನೋ ವಿಷಯಕ್ಕೂ ಅಷ್ಟು ಮಾಡ್ತೀವಿ. ನಾಳೆ ಏನಾದರೂ ಹೆಚ್ಚುಕಮ್ಮಿ ಆದರೆ ಯಾರು ಏನು ಹೇಳಿದ್ದರು ಅಂತ ತೆಗೆದು ನೋಡಬೇಕಲ್ಲ.

ಮೇಷ್ಟ್ರು: ಸರಿ. ಈಗ ಇಬ್ಬರಿಗೂ ಸೇರಿ ಒಂದು ಕಷ್ಟದ ಪ್ರಶ್ನೆ. ಹೆಸರು ಸಿಕ್ಕಿತು ಅಂತಲೇ ಇಟ್ಟುಕೊಳ್ಳೋಣ. ಆ ಮತ ಯಾರದ್ದು? 1985ರಲ್ಲಿ 52ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ ಹತ್ತನೇ ಅನುಸೂಚಿ ಸೇರಿತು. ಹೀಗೇ ಮತ ಹಾಕಬೇಕು ಅನ್ನುವ ಪಕ್ಷದ ಆದೇಶವನ್ನು, ಅಂದರೆ ವಿಪ್ ಅನ್ನು, ಮೀರಿ ಮತ ಹಾಕಿದರೆ, ಅಥವಾ ಹಾಕದೆ ಸುಮ್ಮನಿದ್ದರೂ, ಪಕ್ಷ ಹದಿನೈದು ದಿನದೊಳಗೆ ಮನ್ನಿಸದಿದ್ದರೆ ಸದಸ್ಯತ್ವ ಹೋಗುತ್ತದೆ. ಅದೇ ಸಂವಿಧಾನದ 105ನೇ ವಿಧಿ ಏನನ್ನುತ್ತದೆ? ಸದನದಲ್ಲಿ ಆಡಿದ ಮಾತಿಗೆ, ಹಾಕಿದ ಮತಕ್ಕೆ ಸದಸ್ಯನನ್ನು ಯಾವ ನ್ಯಾಯಾಲಯವೂ ಹೊಣೆ ಮಾಡುವಂತಿಲ್ಲ ಅನ್ನುತ್ತದೆ. ನ್ಯಾಯಾಲಯ ಕೇಳಬಾರದ ಲೆಕ್ಕವನ್ನು ಪಕ್ಷ ಕೇಳಬಹುದು, ಸದಸ್ಯತ್ವವನ್ನೇ ಕಿತ್ತುಕೊಳ್ಳಬಹುದು. ಹೀಗಿರುವಾಗ ನೀನು ತುಂಬಿಸುವ ಕಾಲಂ ಮನುಷ್ಯನದ್ದೋ ಪಕ್ಷದ್ದೋ?

ಶಾರದಾ: ಬೆದರಿಸಿ ಹಾಕಿಸಿಕೊಂಡ ಸಹಿ ಸಹಿಯಲ್ಲ ಅಂತ ನಾವು ಕೋರ್ಟಿನಲ್ಲಿ ವಾದಿಸುತ್ತೇವೆ. ಆ ವಾದ ಇಲ್ಲಿ ನಿಲ್ಲುವುದಿಲ್ಲ ಮೇಷ್ಟ್ರೇ. ವಿಪ್ ಇದೆ ಅಂತ ಗೊತ್ತಿದ್ದೇ ಅವರು ಟಿಕೆಟ್ ಕೇಳಿದ್ದು. ಪಕ್ಷದ ಮಾತಿಗೆ ತಲೆಬಾಗುವುದೂ ಒಂದು ತೀರ್ಮಾನವೇ, ಅದಕ್ಕೂ ಹೆಸರು ಬೇಕು. 1999ರ ಏಪ್ರಿಲ್ 17ರಂದು ವಾಜಪೇಯಿ ಸರ್ಕಾರ 269ಕ್ಕೆ 270, ಒಂದೇ ಮತದಲ್ಲಿ ಬಿತ್ತು. ಅಂದು ಸೈಫುದ್ದೀನ್ ಸೋಜ್ ತಮ್ಮ ಪಕ್ಷದ ವಿಪ್ ಮೀರಿ ಸರ್ಕಾರದ ವಿರುದ್ಧ ಮತ ಹಾಕಿದರು, ಪಕ್ಷ ಅವರನ್ನು ಹೊರಹಾಕಿತು. ಗಿರಿಧರ್ ಗಮಾಂಗ್ ಒಡಿಶಾದ ಮುಖ್ಯಮಂತ್ರಿಯಾಗಿದ್ದರೂ ಸಂಸದ ಸ್ಥಾನ ಬಿಟ್ಟಿರಲಿಲ್ಲ, ಬಂದು ಮತ ಹಾಕಿದರು. ಅವರು ಮಾಡಿದ್ದು ಸರಿಯೋ ತಪ್ಪೋ ಅಂತ ಜನ ಇವತ್ತಿಗೂ ವಾದ ಮಾಡುತ್ತಾರೆ. ಹೆಸರು ಗೊತ್ತಿರುವುದರಿಂದಲೇ ಆ ವಾದ ಸಾಧ್ಯವಾಗಿದೆ.

ಮೇಷ್ಟ್ರು: ಅದು ವಿಶ್ವಾಸಮತ, ಸರ್ಕಾರ ಉಳಿಯುವ ಅಳಿಯುವ ಪ್ರಶ್ನೆ. ಅಲ್ಲಿ ವಿಪ್ ಇರಲಿ ಅಂತ ನಾನೂ ಹೇಳುತ್ತೇನೆ. ದಿನೇಶ್ ಗೋಸ್ವಾಮಿ ಸಮಿತಿ 1990ರಲ್ಲೇ, ಅನರ್ಹತೆಯ ಭಯವನ್ನು ಅಂಥ ಮತಗಳಿಗಷ್ಟೇ ಸೀಮಿತ ಮಾಡಿ ಅಂದಿತ್ತು. ಅದಾಗಲಿಲ್ಲ. ಬ್ರಿಟನ್ನಿನಲ್ಲಿ 2003ರ ಮಾರ್ಚ್‌ನಲ್ಲಿ ಇರಾಕ್ ಯುದ್ಧದ ಪ್ರಶ್ನೆ ಬಂದಾಗ ಆಳುವ ಲೇಬರ್ ಪಕ್ಷದ 139 ಸದಸ್ಯರು ತಮ್ಮದೇ ಪ್ರಧಾನಿಗೆ ವಿರುದ್ಧವಾಗಿ, ಯುದ್ಧವನ್ನು ವಿರೋಧಿಸುವ ತಿದ್ದುಪಡಿಯ ಪರ ನಿಂತರು. ಅದಕ್ಕಾಗಿ ಒಬ್ಬರ ಸದಸ್ಯತ್ವವೂ ಹೋಗಲಿಲ್ಲ. ಅಲ್ಲಿ 1836ರಿಂದ ಮತ ಹಾಕಿದವರ ಹೆಸರುಗಳನ್ನು ಸದನವೇ ಪ್ರಕಟಿಸುತ್ತ ಬಂದಿದೆ. ಅಲ್ಲಿಯ ಮತದಾರ ಆ ಪಟ್ಟಿ ನೋಡಿದರೆ ಅದರಲ್ಲಿ ಒಬ್ಬ ಮನುಷ್ಯ ಕಾಣುತ್ತಾನೆ. ನಮ್ಮ ಪಟ್ಟಿಯಲ್ಲಿ ಪಕ್ಷವೇ ಕಂಡೀತು ಅನ್ನುವುದು ನನ್ನ ಅಳುಕು.

ಶಾರದಾ: ಒಪ್ಪಿದೆ. ಹಾಗಾದರೆ ಪ್ರಶ್ನೆಯನ್ನೇ ಬೇರೆ ಥರ ಕೇಳೋಣ. ಅವರ ಕೈ ಕಟ್ಟಿಲ್ಲದ ಜಾಗ ಯಾವುದು? ಅಲ್ಲಿ ಅವರೇನು ಮಾಡಿದರು? ಹತ್ತನೇ ಅನುಸೂಚಿಯಲ್ಲಿ ವಿಪ್ ಕಟ್ಟಿಹಾಕುವುದು ಮತವನ್ನು. ಮಸೂದೆಯ ದೋಷವನ್ನು ಎದ್ದು ಹೇಳಿ, ಆಮೇಲೆ ಪಕ್ಷದ ಜೊತೆಗೇ ಮತ ಹಾಕಿದರೆ ಸದಸ್ಯತ್ವಕ್ಕೇನೂ ಆಗುವುದಿಲ್ಲ.

ಮೇಷ್ಟ್ರು: ಕಾಗದದ ಮೇಲೆ ಹೌದು. ದೊಡ್ಡ ಚರ್ಚೆಗಳಲ್ಲಿ ಯಾವ ಪಕ್ಷಕ್ಕೆ ಎಷ್ಟು ಹೊತ್ತು ಅಂತ ಸಂಖ್ಯಾಬಲದ ಮೇಲೆ ಹಂಚುತ್ತಾರೆ. ಯಾರು ಮಾತಾಡಬೇಕು ಅಂತ ಹೆಸರು ಕಳಿಸುವುದು ಪಕ್ಷ. ಅಲ್ಲಿ ಬಾಯಿ ತೆರೆಯುವ ಮೊದಲೇ ಒಂದು ಜರಡಿ ಇದೆ. ಪ್ರಶ್ನೆ ಕೇಳುವುದಕ್ಕೆ ಮಾತ್ರ ಯಾರ ಒಪ್ಪಿಗೆಯೂ ಬೇಡ. ಸದಸ್ಯ ತಾನೇ ಸೂಚನೆ ಕೊಡುತ್ತಾನೆ, ಚೀಟಿ ಎತ್ತುತ್ತಾರೆ. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆ, 230 ಚುಕ್ಕೆ ರಹಿತ ಪ್ರಶ್ನೆ. ಚುಕ್ಕೆ ಗುರುತಿನದ್ದಕ್ಕೆ ಸಚಿವರು ಎದ್ದು ನಿಂತು ಉತ್ತರಿಸಬೇಕು, ಮೇಲೆ ಉಪಪ್ರಶ್ನೆ ಹಾಕಬಹುದು. ಸಂಸದನೊಬ್ಬನ ಒಳಗು ಎಲ್ಲಾದರೂ ಕಾಣುವುದಿದ್ದರೆ ಅಲ್ಲಿ.

ತಿಮ್ಮಪ್ಪ: ಹಾಗಾದರೆ ನಮ್ಮವರು ಗೆದ್ದ ಹಾಗೆ. ಶಾರದಾನ ಪಟ್ಟಿಯಲ್ಲಿ ಪ್ರಶ್ನೆಗಳ ಸಂಖ್ಯೆ ಚೆನ್ನಾಗಿಯೇ ಇದೆ.

ಶಾರದಾ: ಸಂಖ್ಯೆ ನೋಡಿ ನನಗೂ ಖುಷಿಯಾಗಿತ್ತು ಚಿಕ್ಕಪ್ಪ. ಆಮೇಲೆ ಒಂದೊಂದನ್ನೇ ಬಿಡಿಸಿ ಓದಿದೆ. ನಿಮ್ಮ ಎಲೆಚುಕ್ಕೆ ರೋಗದ ಪ್ರಶ್ನೆ ಇದೆ ನೋಡಿ. ಅಡಿಕೆ ತೋಟಗಳಲ್ಲಿ ಎಲೆಚುಕ್ಕೆ ರೋಗ ಹರಡಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ, ಬಂದಿದ್ದರೆ ವಿವರವೇನು, ಯಾವ ಕ್ರಮ ಕೈಗೊಳ್ಳಲಾಗಿದೆ, ಇಷ್ಟು. ಕೆಳಗೆ ಉತ್ತರ: ಪರಿಶೀಲನೆಯಲ್ಲಿದೆ. ಅದರ ಮುಂದಿನ ಅಧಿವೇಶನದಲ್ಲಿ ಆ ಮಾತಿಲ್ಲ, ಅದರ ಮುಂದಿನದ್ದರಲ್ಲೂ ಇಲ್ಲ. ಉಳಿದವುಗಳಲ್ಲಿ ಎಷ್ಟೋ ಪ್ರಶ್ನೆಗಳು ಯೋಜನೆಯೊಂದರ ಹೆಸರು ಹಾಕಿ ರಾಜ್ಯವಾರು ವಿವರ ಕೇಳುವಂಥವು. ಅದೇ ಮಾತುಗಳಲ್ಲಿ ಬೇರೆ ರಾಜ್ಯದ ಸಂಸದರೂ ಕೇಳಿದ್ದಾರೆ. ಯಾರೋ ಕಚೇರಿಯಲ್ಲಿ ಕೂತು ಬರೆದದ್ದಕ್ಕೆ ಇವರು ಸಹಿ ಹಾಕಿದ್ದಾರೆ ಅಂತ ಓದಿದರೆ ತಿಳಿಯುತ್ತದೆ.

ತಿಮ್ಮಪ್ಪ: ಪರಿಶೀಲನೆಯಲ್ಲಿದೆ! ಅಲ್ಲಿಯವರೆಗೆ ತೋಟ ಉಳಿಯಬೇಕಲ್ಲ.

ಮೇಷ್ಟ್ರು: ಆ ಒಂದು ಮಾತನ್ನು ಹಿಡಿದುಕೊಳ್ಳಬಹುದಿತ್ತು, ತಿಮ್ಮಪ್ಪನವರೇ. ಸಚಿವರು ಸದನದಲ್ಲಿ ಪರಿಶೀಲಿಸುತ್ತೇವೆ ಅಂದರೆ ಅದು ಭರವಸೆಯ ಲೆಕ್ಕಕ್ಕೆ ಹೋಗುತ್ತದೆ. ಮೂರು ತಿಂಗಳಲ್ಲಿ ಈಡೇರಿಸಬೇಕು ಅನ್ನುವುದು ಪದ್ಧತಿ. ಅದನ್ನು ನೋಡಿಕೊಳ್ಳಲು ಸರ್ಕಾರಿ ಭರವಸೆಗಳ ಸಮಿತಿ ಅಂತ ಒಂದು ಸಮಿತಿಯೇ 1953ರಿಂದ ಇದೆ. ಪ್ರಶ್ನೆ ಕೇಳಿದವರು ಬೆನ್ನು ಹತ್ತಬೇಕಷ್ಟೆ. ಎಣಿಕೆಯನ್ನೇ ಅಳತೆ ಮಾಡಿಕೊಂಡರೆ ಬೆನ್ನು ಹತ್ತುವ ಕೆಲಸಕ್ಕೆ ಬೆಲೆ ಇರುವುದಿಲ್ಲ, ಇನ್ನೊಂದು ಹೊಸ ಪ್ರಶ್ನೆ ಹಾಕಿದರೆ ಸಂಖ್ಯೆ ಏರುತ್ತದೆ. ಇನ್ನೂ ಹೊಲಸಾದದ್ದೂ ನಡೆದಿದೆ. ದುಡ್ಡು ತೆಗೆದುಕೊಂಡು ಪ್ರಶ್ನೆ ಕೇಳಿದ್ದಕ್ಕೆ 2005ರ ಡಿಸೆಂಬರ್‌ನಲ್ಲಿ 11 ಸಂಸದರನ್ನು ಉಚ್ಚಾಟಿಸಿದರು, ಲೋಕಸಭೆಯ ಹತ್ತು ಜನ, ರಾಜ್ಯಸಭೆಯ ಒಬ್ಬರು. ಎಣಿಸಿದ್ದರೆ ಆ ಪ್ರಶ್ನೆಗಳೂ ಅವರ ಲೆಕ್ಕಕ್ಕೆ ಸೇರಿ ಹೋಗುತ್ತಿದ್ದವು. ಇನ್ನೊಂದು ತುದಿಗೆ ಜೆ.ಎಚ್. ಪಟೇಲರನ್ನು ನೋಡಿ. 1967ರಲ್ಲಿ ಲೋಕಸಭೆಯಲ್ಲಿ ಎದ್ದು ಕನ್ನಡದಲ್ಲಿ ಮಾತಾಡಿದರು. ಎಣಿಸಿದರೆ ಅದು ಬರೀ ಒಂದು.

ಶಾರದಾ: ಹಾಗಂತ ಎಣಿಸುವುದನ್ನು ಬಿಡಲಾರೆ. ಎಣಿಕೆ ಇದ್ದದ್ದರಿಂದಲೇ ನಾನು ಓದಲು ಕೂತದ್ದು.

ಮೇಷ್ಟ್ರು: ಬಿಡಬೇಡ. ಒಂದು ಜಾಗಕ್ಕೆ ಮಾತ್ರ ಕೈ ಹಾಕಬೇಡ ಅನ್ನುತ್ತೇನೆ. ಸ್ಥಾಯಿ ಸಮಿತಿಗಳು ಮುಚ್ಚಿದ ಬಾಗಿಲೊಳಗೆ ಕೂರುತ್ತವೆ, ಅಲ್ಲಿ ವಿಪ್ ಇಲ್ಲ. ಯಾರೂ ನೋಡುತ್ತಿಲ್ಲ ಅಂದಾಗ ಆಳುವ ಪಕ್ಷದವರೂ ವಿರೋಧ ಪಕ್ಷದವರೂ ಕೂತು ಒಂದು ವಾಕ್ಯವನ್ನು ತಿದ್ದುತ್ತಾರೆ. ಅಲ್ಲಿಗೂ ಕ್ಯಾಮೆರಾ ಬಂದರೆ ಅಲ್ಲಿಯೂ ಭಾಷಣ ಶುರುವಾಗುತ್ತದೆ.

ಶಾರದಾ: ಇದನ್ನು ನಾನು ಒಪ್ಪುವುದಿಲ್ಲ. ಮತದಾರನ ಮತ ಗುಟ್ಟಾಗಿರಬೇಕು, ಯಾಕೆಂದರೆ ಅವನು ತನ್ನ ಪರವಾಗಿ ಹಾಕುತ್ತಾನೆ, ಅವನನ್ನು ಹೆದರಿಸುವವರಿದ್ದಾರೆ. ಸಂಸದರು ಮಾತಾಡುವುದು ನನ್ನ ಪರವಾಗಿ. ನನ್ನ ಪರವಾಗಿ ಆಡಿದ ಮಾತನ್ನು ನನ್ನಿಂದಲೇ ಮುಚ್ಚಿಡುವುದು ಹೇಗೆ ಸರಿ? ಸಮಿತಿಯ ವರದಿಯಲ್ಲಿ ಯಾರು ಹಾಜರಿದ್ದರು ಅಂತ ಇರುತ್ತದೆ, ಭಿನ್ನಮತದ ಟಿಪ್ಪಣಿಯೂ ಇರುತ್ತದೆ. ಕಡೇಪಕ್ಷ ಅದನ್ನು ನನ್ನ ಪಟ್ಟಿಗೆ ಸೇರಿಸುತ್ತೇನೆ.

ಮೇಷ್ಟ್ರು: ಅಷ್ಟು ಸೇರಿಸು. ಉಳಿದದ್ದಕ್ಕೆ ನನ್ನ ಮನಸ್ಸು ಒಪ್ಪದು.

ತಿಮ್ಮಪ್ಪ: ನೀವಿಬ್ಬರೂ ಜಗಳ ಆಮೇಲೆ ಮುಂದುವರಿಸಿ. ನನಗೆ ಒಂದು ಹೇಳಿ. ಆ 367ನೇ ನಿಯಮ ಅಂದಿರಲ್ಲ, ಮತವಿಭಜನೆ ಬೇಕು ಅಂತ ಕೇಳೋಕೆ ಎಷ್ಟು ಜನ ಬೇಕು?

ಮೇಷ್ಟ್ರು: ಆಕ್ಷೇಪ ಎತ್ತಲು ಒಬ್ಬ ಸದಸ್ಯ ಸಾಕು. ಕೊಡುವುದು ಸ್ಪೀಕರ್ ಕೈಯಲ್ಲಿದೆ, ಕೇಳುವುದು ಸದಸ್ಯನ ಕೈಯಲ್ಲಿದೆ.

ತಿಮ್ಮಪ್ಪ: ಕೇಳಿದರೆ ಸದಸ್ಯತ್ವ ಹೋಗುತ್ತಾ?

ಶಾರದಾ: ಇಲ್ಲ ಚಿಕ್ಕಪ್ಪ. ವಿಪ್ ಮೀರಿ ಮತ ಹಾಕಿದರೆ ತಾನೇ ಆ ಮಾತು. ಹೆಸರು ಬರೆದುಕೊಳ್ಳಿ ಅಂತ ಕೇಳುವುದು ಮತ ಹಾಕಿದ ಹಾಗಲ್ಲ. ಪಕ್ಷದವರಿಗೆ ಸಿಟ್ಟು ಬರಬಹುದು.

ತಿಮ್ಮಪ್ಪ: ಹಾಗಾದರೆ ಸಂಘದಿಂದ ಒಂದು ಪತ್ರ ಬರೆಯೋಣ. ಸಿಟ್ಟಿನಿಂದಲ್ಲ, ಮರ್ಯಾದೆಯಿಂದಲೇ. ಎಲೆಚುಕ್ಕೆ ರೋಗದ ಉತ್ತರವನ್ನು ಭರವಸೆ ಸಮಿತಿಯ ಮುಂದೆ ತನ್ನಿ ಅಂತ ಒಂದು. ಬೇಸಾಯ, ಕಾಡು, ನೀರು, ಇವಕ್ಕೆ ಸಂಬಂಧಪಟ್ಟ ಮಸೂದೆ ಬಂದಾಗ ನೀವೇ ಎದ್ದು ಮತವಿಭಜನೆ ಕೇಳಿ ಅಂತ ಇನ್ನೊಂದು. ಪಕ್ಷ ಹೇಳಿದ ಹಾಗೇ ಮತ ಹಾಕಿ, ನಮ್ಮ ತಕರಾರಿಲ್ಲ, ಆದರೆ ನಿಮ್ಮ ಹೆಸರಿನಲ್ಲಿ ಹಾಕಿ ಅಂತ ಸೇರಿಸು. ಮುಂದಿನ ವಾರ ಆಡಳಿತ ಮಂಡಳಿ ಸಭೆ ಇದೆ. ಅಲ್ಲಿ ಓದುತ್ತೇನೆ, ಯಾರು ಸಹಿ ಹಾಕಿದರು, ಯಾರು ಹಾಕಲಿಲ್ಲ ಅಂತ ನಡಾವಳಿಯಲ್ಲಿ ಬರೆಸುತ್ತೇನೆ.

ಮೇಷ್ಟ್ರು: ಶಾರದಾ, ನಿಯಮದ ಸಂಖ್ಯೆ ಹಾಕಿ ಬರಿ. ಎಲೆಚುಕ್ಕೆ ರೋಗದ ಉತ್ತರ ಬಂದ ತಾರೀಖನ್ನೂ ಬರಿ.