ನಿಂತ ಅಂಕಗಳು ಮತ್ತು ಸ್ವಾಧ್ಯಾಯ

ದ್ವಿತೀಯ ಪಿಯುಸಿ ಓದುವ ಮಕ್ಕಳಿರುವ ಶ್ರಾವಕರ ಮನೆಗಳಲ್ಲಿ ಒಂದು ಚಿಂತೆ ಸಾಮಾನ್ಯವಾದುದು. ಪ್ರವೇಶ ಪರೀಕ್ಷೆಯ ಸಿದ್ಧತೆ ಆರಂಭವಾದ ಮೊದಲ ತಿಂಗಳುಗಳಲ್ಲಿ ಗಣಿತದ ಅಂಕಗಳು ಏರುತ್ತವೆ. ಅನಂತರ ಒಂದೆಡೆ ನಿಂತುಬಿಡುತ್ತವೆ. ಸಿಇಟಿಯ ಗಣಿತ ಪತ್ರಿಕೆ 60 ಅಂಕಗಳದ್ದು. ಅದರಲ್ಲಿ 35 ಪಡೆಯುವ ವಿದ್ಯಾರ್ಥಿ ಎಷ್ಟು ಮಾದರಿ ಪರೀಕ್ಷೆಗಳನ್ನು ಬರೆದರೂ 35ರ ಆಸುಪಾಸಿನಲ್ಲೇ ಉಳಿಯುತ್ತಾನೆ. ಆಗ ಹಿರಿಯರ ಬಾಯಿಂದ ಎರಡು ಮಾತುಗಳು ಬರುತ್ತವೆ. ಒಂದು, “ಇನ್ನಷ್ಟು ಲೆಕ್ಕ ಮಾಡು” ಎಂಬುದು. ಇನ್ನೊಂದು, “ಅವನ ಜ್ಞಾನಾವರಣೀಯ ಕರ್ಮವೇ ಅಷ್ಟು” ಎಂಬುದು. ಈ ಎರಡೂ ಮಾತುಗಳು ವಿಚಾರಕ್ಕೆ ಯೋಗ್ಯವಾಗಿವೆ.

ಎರಡನೆಯ ಮಾತು ಧರ್ಮದ ಮಾತಿನಂತೆ ಕೇಳಿಸಿದರೂ ಧರ್ಮಕ್ಕೆ ಒಪ್ಪುವಂಥದಲ್ಲ. ಜೈನ ಕರ್ಮಸಿದ್ಧಾಂತವು ಹಣೆಬರಹದ ವಾದವಲ್ಲ. ಕರ್ಮಕ್ಕೆ ಉದಯವಿರುವಂತೆ ಕ್ಷಯೋಪಶಮವೂ ಉಂಟು. ಅದರಲ್ಲಿ ಪುರುಷಾರ್ಥಕ್ಕೆ ಸ್ಥಾನವುಂಟು. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಉಮಾಸ್ವಾಮಿ ಆಚಾರ್ಯರು ಜ್ಞಾನಾವರಣದ ಆಸ್ರವಕ್ಕೆ ಕಾರಣಗಳನ್ನು ಎಣಿಸುವಾಗ ತಿಳಿದುದನ್ನು ಬಚ್ಚಿಡುವುದನ್ನೂ, ಮಾತ್ಸರ್ಯವನ್ನೂ, ಇತರರ ಜ್ಞಾನಾರ್ಜನೆಗೆ ಅಡ್ಡಿಪಡಿಸುವುದನ್ನೂ ಹೇಳಿದ್ದಾರೆ. ಇವೆಲ್ಲ ನಡತೆಗಳು, ಬಿಡಲು ಸಾಧ್ಯವಾದವುಗಳು. ಆದ್ದರಿಂದ ಕೇಳಬೇಕಾದ ಪ್ರಶ್ನೆ ಮಗುವಿಗೆ ಬುದ್ಧಿ ಎಷ್ಟಿದೆ ಎಂಬುದಲ್ಲ. ಅದರ ಅಧ್ಯಯನದ ನಡತೆ ಹೇಗಿದೆ ಎಂಬುದು.

ಇನ್ನು ಮೊದಲ ಮಾತು. ಅದೇ ಗ್ರಂಥದ ಒಂಬತ್ತನೆಯ ಅಧ್ಯಾಯದಲ್ಲಿ ಸ್ವಾಧ್ಯಾಯಕ್ಕೆ ಐದು ಭೇದಗಳನ್ನು ಹೇಳಿದೆ: ವಾಚನಾ, ಪೃಚ್ಛನಾ, ಅನುಪ್ರೇಕ್ಷಾ, ಆಮ್ನಾಯ, ಧರ್ಮೋಪದೇಶ. ಓದುವುದು, ಸಂಶಯವನ್ನು ಕೇಳುವುದು, ಮನನ ಮಾಡುವುದು, ಶುದ್ಧವಾಗಿ ಆವರ್ತಿಸುವುದು, ಇತರರಿಗೆ ತಿಳಿಸುವುದು. ಶಾಸ್ತ್ರಾಧ್ಯಯನಕ್ಕೆ ಹೇಳಿದ ಈ ಕ್ರಮ ಗಣಿತಕ್ಕೂ ಸಲ್ಲುತ್ತದೆ. ಅಂಕ ನಿಂತ ವಿದ್ಯಾರ್ಥಿಯ ದಿನಚರಿಯನ್ನು ನೋಡಿದರೆ ಬಹುಮಟ್ಟಿಗೆ ಆವರ್ತನೆಯೊಂದೇ ಉಳಿದಿರುತ್ತದೆ. ಬರುವ ಲೆಕ್ಕವನ್ನೇ ಮತ್ತೆ ಮಾಡುತ್ತಾನೆ. ಬಾರದುದರ ಉತ್ತರವನ್ನು ಪುಸ್ತಕದ ಹಿಂಬದಿಯಲ್ಲಿ ನೋಡಿ, ತಿಳಿಯಿತೆಂದು ಮುಂದೆ ಹೋಗುತ್ತಾನೆ. ಕೇಳುವುದಕ್ಕೆ ನಾಚಿಕೆ, ಮನನಕ್ಕೆ ಸಮಯವಿಲ್ಲ. ಹೀಗೆ ಆವರ್ತನೆ ಹೆಚ್ಚಿದಷ್ಟೂ ತಪ್ಪೂ ಅಭ್ಯಾಸವಾಗುತ್ತದೆ.

ಒಂದು ಉದಾಹರಣೆ. ಒಂದು ಸಂಖ್ಯೆಯ ವರ್ಗವು ಆ ಸಂಖ್ಯೆಯ ಐದು ಪಟ್ಟಿಗೆ ಸಮವಾದರೆ ಆ ಸಂಖ್ಯೆ ಯಾವುದು? ವಿದ್ಯಾರ್ಥಿ ಎರಡೂ ಕಡೆಗಳನ್ನು ಆ ಸಂಖ್ಯೆಯಿಂದಲೇ ಭಾಗಿಸಿ 5 ಎನ್ನುತ್ತಾನೆ. ಸೊನ್ನೆಯೂ ಉತ್ತರವೆಂಬುದು ಕೈಬಿಟ್ಟುಹೋಗುತ್ತದೆ. ತೋರಿಸಿದರೆ, “ಅಜಾಗರೂಕತೆ” ಎನ್ನುತ್ತಾನೆ. ಆದರೆ ಇದು ಅಜಾಗರೂಕತೆಯಲ್ಲ. ಯಾವುದರಿಂದಲಾದರೂ ಭಾಗಿಸಬಹುದೆಂಬ ನಂಬಿಕೆಯ ದೋಷ. ಸೊನ್ನೆಯಿಂದ ಭಾಗಿಸುವ ವಿಷಯದಲ್ಲಿ ಹಿರಿಯರೂ ಎಡವಿದ್ದಾರೆ. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ‘ಗಣಿತಸಾರಸಂಗ್ರಹ’ವನ್ನು ರಚಿಸಿದ ಮಹಾವೀರಾಚಾರ್ಯರು ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂಬುದನ್ನು ಸ್ಪಷ್ಟವಾಗಿ ಕಂಡವರು. ಅವರೇ ಸೊನ್ನೆಯಿಂದ ಭಾಗಿಸಿದ ಸಂಖ್ಯೆ ಬದಲಾಗದೆ ಉಳಿಯುತ್ತದೆ ಎಂದರು. ಇಂದಿನ ಗಣಿತ ಅದನ್ನು ಒಪ್ಪುವುದಿಲ್ಲ. ಇದನ್ನು ಹೇಳುವುದರಿಂದ ಆಚಾರ್ಯರ ಗೌರವಕ್ಕೆ ಕುಂದಿಲ್ಲ. ತಪ್ಪನ್ನು ಮುಚ್ಚಿಟ್ಟರೆ ಮಾತ್ರ ವಿದ್ಯೆಗೆ ಕುಂದು.

ವ್ಯಾಪಾರಿಯು ದಿನದ ವ್ಯವಹಾರವನ್ನು ಕೀರ್ದಿಯಲ್ಲಿ ಬರೆದು ಸುಮ್ಮನಾಗುವುದಿಲ್ಲ. ಬಾಬುವಾರು ಖತಾವಣಿಗೆ ಏರಿಸುತ್ತಾನೆ. ಆಗಲೇ ನಷ್ಟದ ಮೂಲ ತಿಳಿಯುವುದು. ಮಾದರಿ ಪರೀಕ್ಷೆ ಕೇವಲ ಕೀರ್ದಿ. ಪ್ರತಿಯೊಂದು ತಪ್ಪನ್ನೂ ತಿಳಿಯದ ತತ್ತ್ವ, ತಪ್ಪಾಗಿ ಓದಿದ ಪ್ರಶ್ನೆ, ಕೂಡಿಸಿ ಕಳೆಯುವಲ್ಲಿನ ದೋಷ, ಸಮಯ ಸಾಲದಿರುವುದು ಎಂದು ಬೇರೆ ಬೇರೆ ಖಾತೆಗೆ ಬರೆಯಬೇಕು. ಯಾವ ಖಾತೆ ದೊಡ್ಡದೋ ಅದಕ್ಕೆ ಎರಡು ವಾರಗಳನ್ನು ಮೀಸಲಿಟ್ಟು, ಅಲ್ಲಿಯವರೆಗೆ ಪೂರ್ಣ ಪರೀಕ್ಷೆಗಳನ್ನು ನಿಲ್ಲಿಸಬೇಕು. ತಪ್ಪಿದ ಲೆಕ್ಕವನ್ನು ವಾರದ ಬಳಿಕ, ಉತ್ತರ ನೋಡದೆ, ಮತ್ತೆ ಮಾಡಬೇಕು. ಊಹೆಯಿಂದ ಸರಿಯಾದ ಉತ್ತರಗಳನ್ನೂ ತಪ್ಪಿನ ಖಾತೆಗೇ ಹಾಕಬೇಕು. ಸಿಇಟಿಯಲ್ಲಿ ತಪ್ಪಿಗೆ ಅಂಕ ಕಡಿತವಿಲ್ಲ. ಅಲ್ಲಿ ಊಹಿಸುವುದು ನಿಯಮಬಾಹಿರವೂ ಅಲ್ಲ. ಜೆಇಇ ಮೇನ್‌ನಲ್ಲಿ ಸರಿಯುತ್ತರಕ್ಕೆ 4 ಅಂಕವಿದ್ದರೆ ತಪ್ಪಿಗೆ 1 ಅಂಕ ಹೋಗುತ್ತದೆ. ಆದರೆ ಮನೆಯ ಲೆಕ್ಕದಲ್ಲಿ ಗಳಿಸದುದನ್ನು ಜಮೆಗೆ ಹಿಡಿದರೆ ಮೋಸಹೋಗುವವನು ತಾನೇ. ಆಲೋಚನೆ, ಪ್ರತಿಕ್ರಮಣಗಳಲ್ಲಿ ಶ್ರಾವಕನು ತನ್ನ ದೋಷವನ್ನು ಹೆಸರಿಟ್ಟು ಹೇಳುವುದು ಇದೇ ಪ್ರಾಮಾಣಿಕತೆಯಿಂದ.

ಹೀಗೆ ಬೇರಿಗೆ ಹೋಗದಿದ್ದರೆ ಏನಾಗುತ್ತದೆಂಬುದನ್ನು ಗುಣಸ್ಥಾನಗಳ ವಿವರಣೆ ಸೂಚಿಸುತ್ತದೆ. ಹನ್ನೊಂದನೆಯದಾದ ಉಪಶಾಂತಮೋಹಕ್ಕೆ ಏರಿದ ಜೀವನೂ ಅಲ್ಲಿಂದ ಕೆಳಗಿಳಿಯಲೇಬೇಕು. ಏಕೆಂದರೆ ಮೋಹ ಅಡಗಿದೆ, ಅಳಿದಿಲ್ಲ. ಚಿಲ್ಲದ ಬೀಜ ತೇಯ್ದು ಹಾಕಿದ ನೀರು ತಿಳಿಯಾದರೂ ಕೆಸರು ತಳದಲ್ಲಿರುತ್ತದೆ; ಕಲಕಿದರೆ ಮೇಲೇಳುತ್ತದೆ. ಮನೆಯ ನೆಮ್ಮದಿಯಲ್ಲಿ ಅಡಗಿದ್ದ ತಪ್ಪು 80 ನಿಮಿಷಗಳಲ್ಲಿ 60 ಪ್ರಶ್ನೆಗಳನ್ನು ಎದುರಿಸುವ ಆತುರದಲ್ಲಿ ಮೇಲೇಳುವುದೂ ಹೀಗೆಯೇ.

ಮಗು ತನ್ನ ತಪ್ಪನ್ನು ಒಪ್ಪಿಕೊಳ್ಳಬೇಕಾದರೆ ಮನೆಯಲ್ಲಿ ಅಭಯವಿರಬೇಕು. ನೆರೆಮನೆಯ ಮಗನೊಡನೆ ಹೋಲಿಸುವ ನುಡಿ, ಊಟದ ಹೊತ್ತಿನ ಕಟಕಿ, ಇವೂ ವಚನಹಿಂಸೆಯೇ. ಭಯಗೊಂಡ ಮಗು ಮೊದಲು ಅಂಕವನ್ನು, ಬಳಿಕ ದುಃಖವನ್ನು ಮುಚ್ಚಿಡುತ್ತದೆ. ರಾಜಸ್ಥಾನದ ಕೋಟಾ ನಗರದಲ್ಲಿ 2023ರ ಒಂದೇ ವರ್ಷದಲ್ಲಿ ಪ್ರವೇಶ ಪರೀಕ್ಷೆಗೆ ಓದುತ್ತಿದ್ದ 20ಕ್ಕೂ ಹೆಚ್ಚು ವಿದ್ಯಾರ್ಥಿಗಳು ಪ್ರಾಣ ಕಳೆದುಕೊಂಡರು. ಕೀಟವನ್ನೂ ನೋಯಿಸಬಾರದೆಂದು ನೀರು ಸೋಸಿ ಕುಡಿಯುವ ಸಮಾಜ ಇದನ್ನು ಮರೆಯಬಾರದು.

ಬಸದಿಗಳ ಟ್ರಸ್ಟುಗಳೂ ಇಲ್ಲಿ ನೆರವಾಗಬಹುದು. ಹೆಚ್ಚು ಅಂಕ ಪಡೆದವರನ್ನು ಸನ್ಮಾನಿಸುವುದು ಯೋಗ್ಯವೇ. ಅದರೊಡನೆ ವಾರಕ್ಕೊಂದು ಸಂಜೆ ಸಭಾಭವನದಲ್ಲಿ ಹಿರಿಯ ವಿದ್ಯಾರ್ಥಿಗಳು ಕಿರಿಯರಿಗೆ ಗಣಿತ ಹೇಳಿಕೊಡುವ ಏರ್ಪಾಡಾದರೆ ಕೇಳಲು ನಾಚುವವನಿಗೆ ಕೇಳುವ ಸ್ಥಳ ದೊರೆಯುತ್ತದೆ. ಹೇಳುವವನಿಗೂ ತಾನು ತಿಳಿದಿರುವುದೆಷ್ಟೆಂಬುದು ಗೊತ್ತಾಗುತ್ತದೆ. ಪ್ರತಿಸ್ಪರ್ಧಿಯೆಂಬ ಕಾರಣಕ್ಕೆ ಟಿಪ್ಪಣಿ ಬಚ್ಚಿಡುವ ದೋಷವೂ ಅಲ್ಲಿ ತಾನಾಗಿ ಕಳೆಯುತ್ತದೆ.

ಇಷ್ಟಾದರೂ ಅಂಕ ಎಲ್ಲರಿಗೂ ಬಯಸಿದಷ್ಟು ಏರಲಾರದು. ಜ್ಞಾನವೇ ಜೀವನ ಲಕ್ಷಣವೆನ್ನುವ ಧರ್ಮದಲ್ಲಿ ಒಂದು ಪತ್ರಿಕೆಯ 60 ಅಂಕಗಳು ಜೀವದ ಬೆಲೆಯನ್ನು ಕಟ್ಟಲಾರವು. ಆದರೆ ತನ್ನ ತಪ್ಪನ್ನು ತಾನೇ ನೋಡಿ, ಹೆಸರಿಸಿ, ತಿದ್ದಿಕೊಳ್ಳುವ ಅಭ್ಯಾಸ ಹದಿನೇಳನೆಯ ವಯಸ್ಸಿನಲ್ಲಿ ಬಂದರೆ, ಅದು ಪರೀಕ್ಷೆ ಮುಗಿದ ಮೇಲೂ ಅಂಗಡಿಯಲ್ಲಿ, ಕಚೇರಿಯಲ್ಲಿ, ಸಾಮಾಯಿಕದಲ್ಲಿ ಉಪಯೋಗಕ್ಕೆ ಬರುತ್ತದೆ.