ಕಾಗದದ ಮದುವೆ

1990ರಲ್ಲಿ ತೆರೆಕಂಡ ಪೀಟರ್ ವೀರ್ ನಿರ್ದೇಶನದ 'ಗ್ರೀನ್ ಕಾರ್ಡ್' ಎಂಬ ಇಂಗ್ಲಿಷ್ ಹಾಸ್ಯಚಿತ್ರವನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಜಾರ್ಜ್ ಎಂಬ ಫ್ರೆಂಚ್ ಪ್ರಜೆಗೆ ಅಮೆರಿಕದಲ್ಲಿ ನೆಲೆಸಲು ಪರವಾನಗಿ ಬೇಕು. ನ್ಯೂಯಾರ್ಕಿನ ಬ್ರಾಂಟೆಗೆ ಗಾಜಿನ ಸಸ್ಯಗೃಹವಿರುವ ಒಂದು ಮನೆ ಬೇಕು. ಅದು ಮದುವೆಯಾದವರಿಗೆ ಮಾತ್ರ. ಪರಿಚಯವೇ ಇಲ್ಲದ ಇಬ್ಬರೂ ಮದುವೆಯಾಗುತ್ತಾರೆ, ಆಗಿಂದಾಗಲೇ ತಮ್ಮ ತಮ್ಮ ದಾರಿ ಹಿಡಿಯುತ್ತಾರೆ.

ವಲಸೆ ಇಲಾಖೆಯವರು ವಿಚಾರಣೆಗೆ ಬಂದಾಗ ಶುರುವಾಗುತ್ತದೆ ಪೀಕಲಾಟ. ಮನೆಯ ಮಾಳಿಗೆಯ ಮೇಲೆ ವೇಷ ಹಾಕಿ ನಿಂತು ಮಧುಚಂದ್ರದ ಫೋಟೋ ತೆಗೆದುಕೊಳ್ಳುವುದೇನು, ಒಬ್ಬರ ಅಭ್ಯಾಸಗಳನ್ನು ಇನ್ನೊಬ್ಬರು ಪರೀಕ್ಷೆಯ ಪಾಠದಂತೆ ಉರುಹೊಡೆಯುವುದೇನು! ಕೊನೆಗೆ ಆಕೆ ಮುಖಕ್ಕೆ ಹಚ್ಚುವ ಕ್ರೀಮಿನ ಹೆಸರು ನೆನಪಾಗದೆ ಜಾರ್ಜ್ ಸಿಕ್ಕಿಬೀಳುತ್ತಾನೆ. (ಮದುವೆಯಾಗಿ ಮೂವತ್ತು ವರ್ಷ ಕಳೆದ ನಮ್ಮ ಎಷ್ಟು ಗಂಡಸರು ಈ ಪ್ರಶ್ನೆಯಲ್ಲಿ ಪಾಸಾಗುತ್ತಾರೋ!)

ನಕ್ಕು ಮುಗಿದ ಮೇಲೆ ಒಂದು ಪ್ರಶ್ನೆ ಉಳಿಯುತ್ತದೆ. ಇಬ್ಬರೂ ಒಪ್ಪಿ ಆಡಿದ ಈ ಸುಳ್ಳಿನಿಂದ ಯಾರಿಗೇನು ನಷ್ಟ? ಅಮೆರಿಕದ 1986ರ ಕಾನೂನು ಇಂಥದಕ್ಕೆ ಐದು ವರ್ಷದವರೆಗೆ ಸೆರೆಮನೆ, ಎರಡೂವರೆ ಲಕ್ಷ ಡಾಲರ್‌ವರೆಗೆ ದಂಡ ಇಟ್ಟಿದೆ. ಅದು ಸರ್ಕಾರದ ಉತ್ತರ. ಅಷ್ಟಕ್ಕೇ ಮನಸ್ಸಾಕ್ಷಿ ಸುಮ್ಮನಾಗುವುದಿಲ್ಲ. ಏಕೆಂದರೆ 1935ರಲ್ಲಿ ಕವಿ ಆಡೆನ್ ಮಾಡಿದ್ದೂ ಇದನ್ನೇ. ನಾಜಿಗಳನ್ನು ರಂಗದ ಮೇಲೆ ಗೇಲಿ ಮಾಡಿ, ಜರ್ಮನ್ ಪೌರತ್ವಕ್ಕೇ ಕುತ್ತು ತಂದುಕೊಂಡಿದ್ದ ಎರಿಕಾ ಮಾನ್ ಎಂಬಾಕೆಗೆ ಬ್ರಿಟಿಷ್ ಪಾಸ್‌ಪೋರ್ಟ್ ಸಿಗಲೆಂದು, ಅದುವರೆಗೆ ಮುಖವನ್ನೇ ನೋಡಿರದ ಆಕೆಯನ್ನು ಆತ ವಿವಾಹವಾದ. ಸಂಸಾರ ಹೂಡಲಿಲ್ಲ. ವಿಚ್ಛೇದನವನ್ನೂ ಪಡೆಯಲಿಲ್ಲ. ಮನೆಯ ಆಸೆಗೆ ಆಡಿದ ಸುಳ್ಳನ್ನೂ ಬೆನ್ನಟ್ಟಿದವರಿಂದ ಒಬ್ಬಳನ್ನು ಪಾರುಮಾಡಲು ಆಡಿದ ಸುಳ್ಳನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನನಗಂತೂ ಕೈ ಬರುವುದಿಲ್ಲ.

ಆದರೂ ಆಡೆನ್‌ನ ಕರುಣೆ ಆ ಮದುವೆಯನ್ನು ಮದುವೆಯಾಗಿಸಿತೆ? ಇಲ್ಲ. ಮದುವೆ ಏರ್ಪಡುವುದು ವಧೂವರರ ಸಮ್ಮತಿಯಿಂದ ಎಂಬುದು ಧರ್ಮಸಭೆಯ ಬೋಧನೆ. ಬಾಯಲ್ಲಿ ಹೇಳಿದ್ದೇ ಮನಸ್ಸಿನಲ್ಲೂ ಇದೆಯೆಂದು ಧರ್ಮಸಭೆ ಮೊದಲು ನಂಬುತ್ತದೆ; ಆದರೆ ಮದುವೆಯನ್ನೇ ಬೇಡವೆಂದು ಮನಸ್ಸಿನಲ್ಲಿ ನಿರ್ಧರಿಸಿ ಆಡಿದ ಒಪ್ಪಿಗೆ ಒಪ್ಪಿಗೆಯಲ್ಲ ಎನ್ನುತ್ತದೆ 1983ರ ಧರ್ಮಸಭಾ ಕಾನೂನು ಸಂಹಿತೆಯ 1101ನೇ ವಿಧಿ. ಮುಂದೆ ಪ್ರೀತಿ ಹುಟ್ಟಿದರೆ? ಹಳೆಯ ಸುಳ್ಳು ತಾನಾಗಿ ನಿಜವಾಗದು. ಅಂದು ಕೊಡದ ಸಮ್ಮತಿಯನ್ನು ಈಗ ಕೊಡಬೇಕು ಎನ್ನುತ್ತದೆ 1159ನೇ ವಿಧಿ.

ನಷ್ಟ ಯಾರಿಗೆಂಬುದು ಇಲ್ಲೇ ಕಾಣುತ್ತದೆ. ಜಾರ್ಜ್ ಮತ್ತು ಬ್ರಾಂಟೆ ಒಬ್ಬರನ್ನೊಬ್ಬರು ಬೀಗದ ಕೈಯಂತೆ ಬಳಸಿಕೊಂಡರು. 'ನೀನೇ ನನ್ನ ಸಂಗಾತಿ' ಎಂದು ಹೇಳಲು ಇರುವ ಮಾತನ್ನು ಮೊದಲೇ ಸುಳ್ಳಿಗೆ ಖರ್ಚುಮಾಡಿದ್ದರು. ಹೃದಯ ತುಂಬಿ ಬಂದಾಗ ಆಡಲು ಬೇರೆ ಮಾತೆಲ್ಲಿದೆ?

ವಿದೇಶದ ವೀಸಾ ನೋಡಿಯೇ ವರನನ್ನು ಒಪ್ಪುವ ಮನೆಗಳು ನಮ್ಮಲ್ಲೂ ಇವೆ. ಅವರು ಸುಳ್ಳು ಮದುವೆ ಮಾಡುವುದಿಲ್ಲ, ನಿಜ. ಬಲಿಪೀಠದ ಮುಂದೆ ನಿಂತ ಮಗಳು ಯಾರಿಗೆ 'ಹೌದು' ಎನ್ನುತ್ತಿದ್ದಾಳೆಂದು ಆಕೆಯನ್ನು ಕೇಳಿದ್ದಾರೆಯೇ ಎಂಬುದಷ್ಟೇ ನನ್ನ ಸಂಶಯ.

ಚಿತ್ರದ ಕೊನೆಯಲ್ಲಿ ಜಾರ್ಜ್‌ನನ್ನು ದೇಶದಿಂದ ಹೊರಹಾಕುತ್ತಾರೆ. ಹೊರಡುವ ಮುನ್ನ, ತಾವು ಮೊದಲು ಭೇಟಿಯಾದ ಕಾಫಿ ಅಂಗಡಿಯ ಎದುರು ಇಬ್ಬರೂ ಉಂಗುರ ತೊಡಿಸಿಕೊಳ್ಳುತ್ತಾರೆ. ಈ ಸಲ ಅದರಿಂದ ಮನೆಯೂ ಸಿಗುವುದಿಲ್ಲ, ಪರವಾನಗಿಯೂ ಸಿಗುವುದಿಲ್ಲ.